ಅಜೆಂಡಾ ಇಲ್ಲದ ಸಭೆ

ನಿವೃತ್ತರಿಗೂ ಒಂದು ದಿನಾಚರಣೆ ಇದೆ; ಡಿಸೆಂಬರ್ 17. 1982ರಲ್ಲಿ ಅದೇ ತಾರೀಖಿನಂದು, ನಕಾರಾ ಎಂಬ ನಿವೃತ್ತ ಅಧಿಕಾರಿ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಪಿಂಚಣಿ ಎನ್ನುವುದು ಸರ್ಕಾರ ಮನಸ್ಸು ಕರಗಿ ಕೊಡುವ ದಾನವಲ್ಲ, ದುಡಿದವನ ಹಕ್ಕು. ಅಂದಿನಿಂದ ದೇಶದ ಪಿಂಚಣಿದಾರರ ಸಂಘಗಳು ಆ ದಿನ ಸಭೆ ಸೇರುತ್ತವೆ, ಚೆನ್ನೈಯಲ್ಲೂ ಸೇರುತ್ತವೆ. ಆದರೆ ಇಲ್ಲಿ ಒಂದು ತೊಡಕು. ನಾವು ಧನುರ್ಮಾಸ ಎನ್ನುವುದನ್ನು ಇಲ್ಲಿನವರು ಮಾರ್ಗಳಿ ಎನ್ನುತ್ತಾರೆ. ಅದು ಹುಟ್ಟುವುದು ಡಿಸೆಂಬರ್ 16ರ ಆಸುಪಾಸು. ಊರಿನ ಸಭಾಗಳಲ್ಲೆಲ್ಲ ಸಂಗೀತವೋ ಸಂಗೀತ. ಸಂಜೆ ದೊಡ್ಡವರ ಕಛೇರಿಗೆ ಟಿಕೇಟು, ಮಧ್ಯಾಹ್ನ ಹೊಸಬರ ಕಛೇರಿಗೆ ಹೆಚ್ಚಿನ ಕಡೆ ಬಾಗಿಲು ತೆರೆದೇ ಇರುತ್ತದೆ. ಹಕ್ಕಿನ ಬಗ್ಗೆ ಭಾಷಣ ಕೇಳುವುದೋ, ಪುಕ್ಕಟೆ ಸಿಗುವ ಕಲ್ಯಾಣಿಯನ್ನು ಏರ್‌ಕಂಡೀಷನ್ನಿನಲ್ಲಿ ಕೂತು ಕೇಳುವುದೋ? ನನ್ನ ಪರಿಚಯದ ಪಿಂಚಣಿದಾರರಲ್ಲಿ ಬಹುಮಂದಿ ಹಕ್ಕನ್ನು ಸುಪ್ರೀಂ ಕೋರ್ಟಿಗೆ ಒಪ್ಪಿಸಿ ಕಲ್ಯಾಣಿಯ ಕಡೆ ನಡೆಯುತ್ತಾರೆ.

ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಸ್ವಾಮಿ ಸಭಾ ಹುಟ್ಟಿದ್ದು 1900ರಲ್ಲಿ, ಮ್ಯೂಸಿಕ್ ಅಕಾಡೆಮಿ 1928ರಲ್ಲಿ. ಎರಡನ್ನೂ ಕಟ್ಟಿದವರು ಸಂಗೀತಕ್ಕಾಗಿಯೇ ಕಟ್ಟಿದರು, ಸರಿ. ಆದರೆ ನಿವೃತ್ತ ಗಂಡಸರನ್ನು ಬೆಳಿಗ್ಗೆ ಹತ್ತರಿಂದ ರಾತ್ರಿ ಒಂಬತ್ತರ ತನಕ ಮನೆಯಿಂದ ಹೊರಗಿಡುವ ವ್ಯವಸ್ಥೆ ಇದಕ್ಕಿಂತ ಅಚ್ಚುಕಟ್ಟಾಗಿ ಇನ್ನೆಲ್ಲೂ ಇಲ್ಲ. ಒಳಗೆ ಕುರ್ಚಿ, ಹೊರಗೆ ಕ್ಯಾಂಟೀನು. ತನಿ ಆವರ್ತನ ಶುರುವಾಯಿತೆಂದರೆ ಮೃದಂಗದವರಿಗೆ ನಮಸ್ಕಾರ ಹಾಕಿ ಅರ್ಧ ಸಾಲು ಎದ್ದು ಬಾಳೆಹೂವಿನ ವಡೆಯ ಕಡೆ ಹೊರಡುತ್ತದೆ. ಕೊನೆಗೆ ತುಕ್ಕಡಾದಲ್ಲಿ ಪುರಂದರದಾಸರ ದೇವರನಾಮ ಬಂದಾಗ ನಮ್ಮಂಥ ಕನ್ನಡದವರ ಎದೆ ಅರ್ಧ ಅಂಗುಲ ಉಬ್ಬುತ್ತದೆ. ಪಕ್ಕದ ಕುರ್ಚಿಯ ಮಾಮನಿಗೆ ಅರ್ಥ ಹೇಳಿಕೊಡುವ ಹೊಣೆ ನಮ್ಮದೇ. ಗಾಯಕರು ಒತ್ತಕ್ಷರ ನುಂಗಿದರೆ ಅದನ್ನು ಹೊರಕ್ಕೆ ತೆಗೆಯುವ ಹೊಣೆಯೂ ನಮ್ಮದೇ. ಇಷ್ಟು ಜವಾಬ್ದಾರಿ ಆಫೀಸಿನಲ್ಲೂ ಇರಲಿಲ್ಲ.

ಆದರೆ ಮಾರ್ಗಳಿ ಒಂದು ತಿಂಗಳು. ಉಳಿದ ಹನ್ನೊಂದು ತಿಂಗಳು ಏನು ಮಾಡುವುದು?

ನಿವೃತ್ತನಾದ ಗಂಡಸು ಮೊದಲ ವಾರ ನಿದ್ದೆ ಮಾಡುತ್ತಾನೆ. ಎರಡನೆಯ ವಾರ ಅಡಿಗೆಮನೆಗೆ ಕಾಲಿಡುತ್ತಾನೆ. ಪಾರ್ಕಿನ ನಮ್ಮ ಬೆಂಚಿಗೆ ಬರುವ ಬ್ಯಾಂಕಿನವರೊಬ್ಬರು ಸಾಸಿವೆ, ಜೀರಿಗೆ, ಮೆಂತ್ಯದ ಡಬ್ಬಗಳಿಗೆಲ್ಲ ಚೀಟಿ ಅಂಟಿಸಿ, ಕೊಂಡ ತಾರೀಖು ಬರೆದು, ಕೆಳಗೆ ಸಣ್ಣ ಸಹಿಯನ್ನೂ ಹಾಕಿದ್ದರಂತೆ. ಅವರ ಮನೆಯಾಕೆ ಮೂವತ್ತೈದು ವರ್ಷ ಯಾವ ಚೀಟಿಯೂ ಇಲ್ಲದೆ ಸಾರು ಮಾಡಿದವರು. ಅವರು ಹೇಳಿದ್ದು ಒಂದೇ ಮಾತು: "ರೀ, ಪಾರ್ಕಿಗೆ ಹೋಗಿಬನ್ನಿ." ಚೆನ್ನೈಯ ಎಷ್ಟೋ ನಿವೃತ್ತರ ಕೂಟಗಳು ಹುಟ್ಟಿದ್ದು ಇಂಥ ಆಜ್ಞೆಗಳಿಂದಲೇ. ಗಂಡಸರು ತಾವೇ ಕೂಡಿ ಕಟ್ಟಿದೆವು ಎಂದುಕೊಂಡಿದ್ದಾರೆ. ಮನೆಯಾಕೆಗೆ ಯಾವ ಕ್ಲಬ್ಬು ಎಂದು ಕೇಳಿದವರಿಲ್ಲ. ಆಕೆಗೆ ನಿವೃತ್ತಿಯೇ ಇಲ್ಲವಲ್ಲ, ಕ್ಲಬ್ಬಿನ ಮಾತು ಹೇಗೆ ಬಂದೀತು? ಈ ಹರಟೆಯಲ್ಲಿ ನ್ಯಾಯವಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಒಪ್ಪಿಕೊಳ್ಳುತ್ತೇನೆ.

ಪಾರ್ಕು ಎಂದರೆ ಮೈಲಾಪುರದ ಕಡೆಯವರಿಗೆ ಲಸ್ಸಿನ ನಾಗೇಶ್ವರರಾವ್ ಪಾರ್ಕು. ಹೆಸರು ಕಾಶೀನಾಥುನಿ ನಾಗೇಶ್ವರರಾವ್ ಪಂತುಲು ಅವರದು, 'ಅಮೃತಾಂಜನ' ಮಾಡಿದವರು. ಊರಿನ ತಲೆನೋವಿಗೆ ಮದ್ದು ಕೊಟ್ಟವರ ಹೆಸರಿನ ಜಾಗಕ್ಕೆ ಮನೆಯ ತಲೆನೋವುಗಳು ದಿನಾ ಬೆಳಿಗ್ಗೆ ಬಂದು ಸೇರುತ್ತವೆ. ಎರಡು ಸುತ್ತು ನಡಿಗೆ, ಆಮೇಲೆ ಬೆಂಚು. ತಿಂಗಳಿಗೊಮ್ಮೆ ಭಾನುವಾರ ಬೆಳಿಗ್ಗೆ ಮೈಕಿಲ್ಲದ ಕಛೇರಿ ನಡೆಯುತ್ತದೆ, ಹಾಡುವವರು ಮಕ್ಕಳು. ಮೈಕಿಲ್ಲದಿದ್ದರೂ ಕೇಳಿಸುತ್ತದೆ, ಏಕೆಂದರೆ ಆಗ ಮಾತ್ರ ನಮ್ಮ ಬೆಂಚು ಸುಮ್ಮನಿರುತ್ತದೆ.

ಬೆಂಚಿನಲ್ಲಿ ಯಾರಿಗೂ ಸ್ವಂತ ಹೆಸರಿಲ್ಲ. 'ಎಲ್‌ಐಸಿ' ಬಂದರು, 'ಪೋಸ್ಟಲ್' ಬಂದಿಲ್ಲ, 'ಐಸಿಎಫ್'ಗೆ ಮಂಡಿನೋವು. ಮನುಷ್ಯ ಬಿಟ್ಟುಬಂದ ಆಫೀಸೇ ಅವನ ಹೆಸರಾಗಿ ಉಳಿಯುತ್ತದೆ. ಎಲ್‌ಐಸಿಯವರು 1975ರ ಜುಲೈಯಲ್ಲಿ ಮೌಂಟ್ ರೋಡಿನ ಆ ಹದಿನಾಲ್ಕು ಮಹಡಿಯ ಕಟ್ಟಡಕ್ಕೆ ಬೆಂಕಿ ಬಿದ್ದುದನ್ನು ಕಣ್ಣಾರೆ ಕಂಡವರು. ಪ್ರತಿ ಸಲ ಹೇಳುವಾಗಲೂ ಬೆಂಕಿ ಒಂದು ಮಹಡಿ ಮೇಲಕ್ಕೆ ಹೋಗುತ್ತದೆ. ಐಸಿಎಫ್ ಅಂದರೆ ಪೆರಂಬೂರಿನ ರೈಲುಬೋಗಿ ಕಾರ್ಖಾನೆ, 1955ರಲ್ಲಿ ಶುರುವಾದದ್ದು. ಅದರ ಪಕ್ಕದ ಐನಾವರಂನಲ್ಲಿ ಕನ್ನಡದವರು ಬೇಕಾದಷ್ಟು, ಅಲ್ಲೊಂದು ಕನ್ನಡ ಸಂಘವೂ ಇದೆ. ಟಿ. ನಗರದಲ್ಲಿ ಕರ್ನಾಟಕ ಸಂಘ, ಅದರದೇ ಶಾಲೆ. ಊರಿನವರು ನಮ್ಮನ್ನು ಕಂಡು "ನೀವು ಯಾವಾಗ ಬಂದಿರಿ?" ಎನ್ನುವುದುಂಟು. 1956ರ ತನಕ ಮಂಗಳೂರು, ಉಡುಪಿಯವರಿಗೆಲ್ಲ ಮದ್ರಾಸೇ ರಾಜಧಾನಿ. ಕೋರ್ಟು, ಕಾಲೇಜು, ಗುಮಾಸ್ತಗಿರಿ ಎಲ್ಲಕ್ಕೂ ಇಲ್ಲಿಗೇ ಬರಬೇಕಿತ್ತು. ನಾವು ವಲಸೆ ಬಂದವರಲ್ಲ, ರಾಜಧಾನಿಗೆ ಬಂದವರು. ಆಮೇಲೆ ರಾಜಧಾನಿಯೇ ನಮ್ಮನ್ನು ಬಿಟ್ಟು ಬೆಂಗಳೂರಿಗೆ ಹೋಯಿತು. ಕೋಡಂಬಾಕ್ಕಂನಲ್ಲಿ ಕನ್ನಡ ಸಿನಿಮಾ ತಯಾರಾಗುತ್ತಿದ್ದ ಕಾಲದಿಂದ ಇಲ್ಲಿರುವ ಪ್ರತಿಯೊಬ್ಬ ಕನ್ನಡಿಗ ಮುದುಕನ ಹತ್ತಿರವೂ ಒಂದು ರಾಜ್‌ಕುಮಾರ್ ಕಥೆ ಇದೆ. ಒಬ್ಬರಿಗೆ ಅವರು ರಸ್ತೆಯಲ್ಲಿ ಕೈಮುಗಿದರು, ಇನ್ನೊಬ್ಬರ ಮನೆಯ ನೀರು ಕುಡಿದರು. ಸಾಕ್ಷಿ ಕೇಳುವ ಹುಂಬತನ ಯಾರೂ ಮಾಡುವುದಿಲ್ಲ.

ಮೊದಲು ಕೇಳುತ್ತಿರಲಿಲ್ಲ ಎನ್ನಬೇಕು. ಈಗ ಮೊಬೈಲು ಬಂದಿದೆ. 'ಬೇಡರ ಕಣ್ಣಪ್ಪ' ಯಾವ ವರ್ಷದ್ದು ಎಂಬ ಜಗಳ ಮೊದಲು ಒಂದು ವಾರ ನಡೆಯುತ್ತಿತ್ತು. ಈಗ ಯಾರೋ ಜೇಬಿನಿಂದ ತೆಗೆದು 1954 ಎಂದು ಅರ್ಧ ನಿಮಿಷದಲ್ಲಿ ಮುಗಿಸಿಬಿಡುತ್ತಾರೆ. ಉಳಿದ ಒಂದೂವರೆ ಗಂಟೆ? ಹಾಗಾಗಿ ಬೆಂಚಿನಲ್ಲಿ ಮೊಬೈಲು ನೋಡುವವನು ಅಂದಿನ ಕಾಫಿಯ ದುಡ್ಡು ಕೊಡಬೇಕೆಂದು ನಿಯಮ ಮಾಡಿದೆವು. ಸತ್ಯಕ್ಕೆ ದಂಡ ಹಾಕುವ ಸಭೆ ಬೇರೆಲ್ಲೂ ಇರಲಾರದು.

ದೊಡ್ಡ ಕ್ಲಬ್ಬುಗಳ ಮಾತು ಬೇರೆ. ಮದ್ರಾಸ್ ಕ್ಲಬ್ಬು 1832ರದು, ದೊರೆಗಳಿಗೆ ಮಾತ್ರ; ಸ್ವಾತಂತ್ರ್ಯ ಬಂದು ಹದಿನೈದು ವರ್ಷ ಕಳೆದರೂ ನಮ್ಮವರಿಗೆ ಸದಸ್ಯತ್ವ ಇರಲಿಲ್ಲ. ಅದಕ್ಕೇ ಇಲ್ಲಿನ ದೊಡ್ಡ ಮನುಷ್ಯರು 1873ರಲ್ಲಿ ಕಾಸ್ಮೊಪಾಲಿಟನ್ ಕ್ಲಬ್ಬು ಕಟ್ಟಿಕೊಂಡರು. ಬೆಂಗಳೂರಿನಲ್ಲಿ ವಿಶ್ವೇಶ್ವರಯ್ಯನವರು 1917ರಲ್ಲಿ ಸೆಂಚುರಿ ಕ್ಲಬ್ಬು ಶುರುಮಾಡಿದ್ದೂ ಇದೇ ಕಾರಣಕ್ಕೆ. ದೊರೆಗಳು ಹೋದರು, ಅವರ ಬೂಟು ಉಳಿಯಿತು. 2014ರ ಜುಲೈಯಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಪುಸ್ತಕ ಬಿಡುಗಡೆಗೆಂದು ಪಂಚೆಯುಟ್ಟು ಕ್ಲಬ್ಬೊಂದಕ್ಕೆ ಹೋದರೆ ಬಾಗಿಲಲ್ಲೇ ತಡೆದರು. ಮರುತಿಂಗಳೇ ವಿಧಾನಸಭೆಯಲ್ಲಿ ಕಾನೂನು ಬಂತು, ಪಂಚೆಯವರನ್ನು ತಡೆದರೆ ಲೈಸೆನ್ಸು ರದ್ದು. ಅಲ್ಲಿಗೆ ಪಂಚೆಗೆ ಜಯ. ಆದರೆ ಪ್ರವೇಶ ಶುಲ್ಕ ಕೇಳಿ ಬಾಗಿಲಿಂದಲೇ ಹಿಂದಿರುಗುವ ನಮ್ಮಂಥವರ ಪರವಾಗಿ ಇನ್ನೂ ಯಾವ ಮಸೂದೆಯೂ ಬಂದಿಲ್ಲ.

ಕ್ಲಬ್ಬಿಗೆ ಹೋಗುವುದೆಂದರೆ ಹೇಗೆ ಎನ್ನುವುದನ್ನು ಕಲಿಯಬೇಕಾದರೆ ಮಾಸ್ತಿಯವರಿಂದ ಕಲಿಯಬೇಕು. ಮನೆಮಾತು ತಮಿಳು, ಎಂ.ಎ. ಓದಿದ್ದು ಮದ್ರಾಸಿನಲ್ಲಿ, ಆ ಲೆಕ್ಕದಲ್ಲಿ ನಾವು ಇಲ್ಲಿನವರು ಅವರನ್ನು ಸ್ವಲ್ಪ ನಮ್ಮವರೆಂದು ಹೇಳಿಕೊಳ್ಳಬಹುದು. ಸರ್ಕಾರಿ ಕೆಲಸಕ್ಕೆ ಅವಧಿಗೆ ಮುಂಚೆಯೇ ರಾಜೀನಾಮೆ ಕೊಟ್ಟ ಮೇಲೆ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಬದುಕಿದರು. 1986ರ ಜೂನ್ 6ರಂದು, ತಮ್ಮ ಹುಟ್ಟಿದ ದಿನವೇ, ತೀರಿಕೊಂಡರು. 'ಚಿಕವೀರ ರಾಜೇಂದ್ರ' ಬರೆದದ್ದು ಈ ನಲವತ್ತು ವರ್ಷದ ಒಳಗೆ. ಹಾಗೆಂದು ಹಗಲೂ ರಾತ್ರಿ ಬರೆದುಕೊಂಡೇ ಕೂರಲಿಲ್ಲ. ಸಂಜೆ ಕೋಟು ತೊಟ್ಟು, ಕೊಡೆ ಹಿಡಿದು, ನಡೆದುಕೊಂಡೇ ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡಿ ಬರುತ್ತಿದ್ದರು. ಅಲ್ಲಿ ಅವರು ಕನ್ನಡದ ಆಸ್ತಿಯೂ ಅಲ್ಲ ಜ್ಞಾನಪೀಠವೂ ಅಲ್ಲ, ಎಲೆ ಹಾಕಬೇಕಾದ ಒಬ್ಬ ಆಟಗಾರ.

ಇಸ್ಪೀಟೆಂದರೆ ಮೂಗು ಮುರಿಯುವವರಿಗೆ ಒಂದು ಮಾತು. 1967ರಲ್ಲಿ ಸಿಕಂದರಾಬಾದಿನ ಕ್ಲಬ್ಬೊಂದರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಹದಿಮೂರೆಲೆಯ ರಮ್ಮಿ ಬರೀ ಅದೃಷ್ಟದ ಆಟವಲ್ಲ, ಬಿದ್ದ ಎಲೆ ನೆನಪಿಡುವ ಜಾಣ್ಮೆ ಬೇಕು ಎಂದು. ಬೆಳಿಗ್ಗೆ ಬಿ.ಪಿ. ಮಾತ್ರೆ ನುಂಗಿದೆವೋ ಇಲ್ಲವೋ ಎಂದು ಹೆಂಡತಿಯನ್ನು ಕೇಳುವವರು, ಮೂರನೆಯ ಸುತ್ತಿನಲ್ಲಿ ಬಿದ್ದ ಇಸ್ಪೀಟು ರಾಣಿಯನ್ನು ರಾತ್ರಿಯವರೆಗೂ ಮರೆಯುವುದಿಲ್ಲ.

ನಿವೃತ್ತರು ಕೂಟ ಕಟ್ಟಿಕೊಳ್ಳುವ ಕಥೆ ಇಂಗ್ಲೆಂಡಿನಲ್ಲೂ ಇದೇ. ಲಂಡನ್ನಿನ ಹತ್ತಿರ ವೆಲ್ವಿನ್ ಗಾರ್ಡನ್ ಸಿಟಿ ಎಂಬ ಊರು. ದಿನಾ ರೈಲಿನಲ್ಲಿ ಲಂಡನ್ನಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ ಕೆಲವರು ನಿವೃತ್ತರಾದ ಮೇಲೆ ಬೆಳಗಿನ ಕಾಫಿಗೆ ಸೇರತೊಡಗಿದರು. 1965ರಲ್ಲಿ ಅದೊಂದು ಕ್ಲಬ್ಬಾಯಿತು. ಮುಂದಿನ ವರ್ಷ ಕೇಟರ್‌ಹ್ಯಾಮ್ ಎಂಬಲ್ಲಿ ಇನ್ನೊಂದು. ಹೀಗೆ ಬೆಳೆದದ್ದೇ ಪ್ರೋಬಸ್ ಕ್ಲಬ್ಬುಗಳು. ರೋಟರಿಯವರ ಬೆಂಬಲದಿಂದ ಲೋಕವೆಲ್ಲ ಹರಡಿ ಚೆನ್ನೈಗೂ ಬಂದಿವೆ. ಇವುಗಳ ನಿಯಮದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದು: ಚಂದಾ ಎತ್ತುವಂತಿಲ್ಲ, ಸಮಾಜಸೇವೆಯ ಹೊಣೆ ಹೊರುವಂತಿಲ್ಲ. ಬರಬೇಕು, ಯಾರದಾದರೂ ಉಪನ್ಯಾಸ ಕೇಳಬೇಕು, ಊಟ ಮಾಡಿ ಹೋಗಬೇಕು. ನಮ್ಮ ತಾಂಬರಂ–ಬೀಚ್ ಲೋಕಲ್ಲು 1931ರಿಂದ ಓಡುತ್ತಿದೆ. ಅದರಲ್ಲಿ ತೊಡೆಯ ಮೇಲೆ 'ಹಿಂದೂ' ಪೇಪರು ಹಾಸಿಕೊಂಡು ಇಸ್ಪೀಟಾಡಿದ ಗುಂಪುಗಳು ಎಷ್ಟೋ. ನಿವೃತ್ತಿಯ ನಂತರ ಅವೇ ಗುಂಪುಗಳು ಕ್ರೋಂಪೇಟೆಯಲ್ಲೋ ಮಾಂಬಲದಲ್ಲೋ ದೇವಸ್ಥಾನದ ಕಟ್ಟೆಯ ಮೇಲೆ ಸೇರುತ್ತವೆ. ಹೆಸರಿಡಲಿಲ್ಲ, ಅಷ್ಟೇ.

ಹೆಸರಿಟ್ಟರೆ ಕೆಡುತ್ತದೆ ಎನ್ನುವುದು ನನ್ನ ಅನುಮಾನ. ನಾಲ್ಕು ಜನ ನಿವೃತ್ತರು ಹೆಸರಿಟ್ಟುಕೊಂಡರೆ ಮರುದಿನವೇ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಹುಟ್ಟುತ್ತಾರೆ. ನಾಲ್ಕನೆಯವನು ವಿರೋಧ ಪಕ್ಷ. ಆಮೇಲೆ ಹಿಂದಿನ ಸಭೆಯ ನಡಾವಳಿ ಓದಬೇಕು, ಅದರಲ್ಲಿ ಕಾಮಾ ಎಲ್ಲಿ ಬಿಟ್ಟಿದೆ ಎಂದು ಒಬ್ಬರು ಏಳಬೇಕು. ಬಿಟ್ಟುಬಂದ ಆಫೀಸನ್ನು ಚಂದಾ ಕೊಟ್ಟು ಮತ್ತೆ ಕಟ್ಟಿಕೊಳ್ಳುವುದು ನಮ್ಮ ಜಾತಿಗೆ ಅಂಟಿದ ರೋಗ. ನಾನು ಕಂಡ ಒಂದು ಹಿರಿಯರ ಕೂಟ ಒಡೆದದ್ದು ಲೆಟರ್‌ಹೆಡ್ಡಿನಲ್ಲಿ ಮಾಜಿ ಹುದ್ದೆ ಹಾಕಬೇಕೋ ಬೇಡವೋ ಎಂಬ ಪ್ರಶ್ನೆಯಲ್ಲಿ.

ಹೆಸರಿಲ್ಲದ ಕೂಟಗಳಲ್ಲಿ ಅತಿ ದೊಡ್ಡದು ಎಂದರೆ ಕೆಥೀಡ್ರಲ್ ರಸ್ತೆಯ ವುಡ್‌ಲ್ಯಾಂಡ್ಸ್ ಡ್ರೈವ್-ಇನ್. ದಕ್ಷಿಣ ಕನ್ನಡದ ಕಡಂದಲೆಯಿಂದ ಬಂದ ಕೃಷ್ಣರಾಯರು 1938ರಲ್ಲಿ ರಾಯಪೇಟೆಯ ವುಡ್‌ಲ್ಯಾಂಡ್ಸ್ ಎಂಬ ಬಂಗಲೆಯಲ್ಲಿ ಹೋಟೆಲು ತೆರೆದರು. ಬಂಗಲೆ ಬಿಟ್ಟರೂ ಹೆಸರು ಬಿಡಲಿಲ್ಲ. 1962ರಲ್ಲಿ ಮರಗಳ ನಡುವೆ ಡ್ರೈವ್-ಇನ್ ಶುರುವಾಯಿತು. ಕಾರಿದ್ದವರಿಗೆ ಕಾರಿಗೇ ತಟ್ಟೆ ತಂದು ಸಿಕ್ಕಿಸುತ್ತಿದ್ದರು. ಕಾರಿಲ್ಲದ ನಮ್ಮಂಥವರು ಒಳಗೆ ಕೂರುತ್ತಿದ್ದೆವು, ಒಂದು ಕಾಫಿಗೆ ಎರಡು ಗಂಟೆ. ಪತ್ರಕರ್ತರು, ಮೆಡಿಕಲ್ ರೆಪ್ಪುಗಳು, ಕಾಲೇಜು ಹುಡುಗರು, ರಿಟೈರಾದವರು, ಯಾರನ್ನೂ ಏಳಿಸುತ್ತಿರಲಿಲ್ಲ. 2008ರಲ್ಲಿ ಮುಚ್ಚಿತು. ಜಾಗ ಸರ್ಕಾರದ್ದು, ಎರಡು ವರ್ಷದಲ್ಲಿ ಸೆಮ್ಮೊಳಿ ಪೂಂಗಾ ಎಂಬ ತೋಟವಾಯಿತು. ತೋಟ ಚೆನ್ನಾಗಿಯೇ ಇದೆ. ಆದರೆ ಟಿಕೇಟು ಕೊಂಡು ಒಳಗೆ ಹೋದರೆ ರವೆ ದೋಸೆ ಸಿಗುವುದಿಲ್ಲ. ನಗರಾಭಿವೃದ್ಧಿಯ ಬಗ್ಗೆ ನನಗಿರುವ ತಕರಾರೆಲ್ಲ ಇಷ್ಟೇ.

ನವೆಂಬರು ನಮಗೆ ಪರೀಕ್ಷೆಯ ತಿಂಗಳು. ಕೇಂದ್ರ ಸರ್ಕಾರದ ಪಿಂಚಣಿದಾರರು ತಾವು ಬದುಕಿದ್ದೇವೆಂದು ಸರ್ಟಿಫಿಕೇಟು ಕೊಡಬೇಕಾದದ್ದು ಆಗಲೇ. ಸಂಘದವರು ಚೆನ್ನೈಯಲ್ಲಿ ಕನ್ನಡ ಬದುಕಿದೆಯೆಂದು ರಾಜ್ಯೋತ್ಸವ ಮಾಡಿ ತೋರಿಸಬೇಕಾದದ್ದೂ ಆಗಲೇ. ಎರಡಕ್ಕೂ ಹೋಗುವವರು ಅದೇ ಹತ್ತಿಪ್ಪತ್ತು ಮಂದಿ. 2014ರಿಂದ ಜೀವನ್ ಪ್ರಮಾಣ್ ಬಂದು ಹೆಬ್ಬೆಟ್ಟೊತ್ತಿದರೆ ಸಾಕಾಗಿದೆ. ಆದರೆ ಅರವತ್ತು ವರ್ಷ ಸವೆದ ಬೆರಳನ್ನು ಯಂತ್ರ ಅಷ್ಟು ಸುಲಭವಾಗಿ ಗುರುತು ಹಿಡಿಯುವುದಿಲ್ಲ. ಆಗ ನಮ್ಮ ಪೋಸ್ಟಲ್ ಸಾಹೇಬರು ಜತೆಗೆ ಹೋಗಿ, ಬೆರಳು ಒರೆಸಿ, ಮತ್ತೊಮ್ಮೆ ಒತ್ತಿಸಿ, ಒಬ್ಬೊಬ್ಬರನ್ನೇ ಬದುಕಿಸಿಕೊಂಡು ಬರುತ್ತಾರೆ.

ನಮ್ಮ ಬೆಂಚು ಮಾಡುವ ಉಪಯುಕ್ತ ಕೆಲಸ ಎಂದರೆ ಇದೊಂದು, ಮತ್ತೊಂದು ಹಾಜರಿ. ಯಾರಾದರೂ ಎರಡು ದಿನ ಬರದಿದ್ದರೆ ಮೂರನೆಯ ದಿನ ಅವರ ಮನೆಗೆ ಫೋನು ಹೋಗುತ್ತದೆ. ಮಕ್ಕಳು ನ್ಯೂಜೆರ್ಸಿಯಲ್ಲಿರುವ ಮನೆಗಳಲ್ಲಿ ಆ ಫೋನಿನ ಬೆಲೆ ಏನೆಂದು ಮಕ್ಕಳಿಗಿಂತ ನಮಗೆ ಗೊತ್ತು. ಹೋದ ವರ್ಷ ಹಾಗೆ ಫೋನು ಮಾಡಿದ್ದರಿಂದಲೇ ಬಚ್ಚಲಲ್ಲಿ ಜಾರಿಬಿದ್ದಿದ್ದ ಒಬ್ಬರನ್ನು ಹೊತ್ತಿಗೆ ಸರಿಯಾಗಿ ಆಸ್ಪತ್ರೆಗೆ ಸೇರಿಸಿದೆವು. ಈಗ ಊರುಗೋಲು ಹಿಡಿದು ಬರುತ್ತಾರೆ, ರಮ್ಮಿಯಲ್ಲಿ ಮೊದಲಿನಷ್ಟೇ ಮೋಸ.

ತಮಿಳುನಾಡು ಸರ್ಕಾರ 2021ರಲ್ಲಿ ನಿವೃತ್ತಿಯ ವಯಸ್ಸನ್ನು ಅರವತ್ತಕ್ಕೆ ಏರಿಸಿತು. ಹಾಗಾಗಿ ಬೆಂಚಿಗೆ ಹೊಸ ಭರ್ತಿ ಒಂದೆರಡು ವರ್ಷ ತಡವಾಯಿತು. ಈಗ ಮತ್ತೆ ಒಬ್ಬೊಬ್ಬರೇ ಬರುತ್ತಿದ್ದಾರೆ. ಈ ವರ್ಷ ಅರವತ್ತು ತುಂಬಿ ಹಾರ ಹಾಕಿಸಿಕೊಳ್ಳುವ ಕನ್ನಡದ ಗೆಳೆಯರೇ, ಚೆನ್ನೈಯಲ್ಲಿದ್ದರೆ ನೀವೂ ಬನ್ನಿ. ಬೆಳಿಗ್ಗೆ ಆರೂವರೆಯಿಂದ ಎಂಟು. "ಸಾರ್, ಟಿಫನ್ ಆಚಾ?" ಎಂದು ಯಾರಾದರೂ ಕೇಳಿದರೆ ಇನ್ನೂ ಇಲ್ಲ ಎನ್ನಿ, ಮುಂದಿನದು ತಾನಾಗಿ ನಡೆಯುತ್ತದೆ. ಅಧ್ಯಕ್ಷರು ಯಾರು ಎಂದು ಮಾತ್ರ ಕೇಳಬೇಡಿ.