ಗುವಾಹಾಟಿಯ ಮಳೆ

ಬೀದರಿನಿಂದ ಔರಾದಿಗೆ ಹೋಗುವ ದಾರಿಯ ಜನವಾಡದಲ್ಲಿ ಒಬ್ಬ ನಿವೃತ್ತ ಮಾಸ್ತರರಿದ್ದಾರೆ. ಮೂವತ್ತು ವರ್ಷಕ್ಕೂ ಮಿಕ್ಕಿ ಅಂಕಗಣಿತ ಕಲಿಸಿದವರು. ಹಳೆಯ ಲಗ್ನಪತ್ರಿಕೆಗಳನ್ನು ಎಸೆಯದೆ ಕಟ್ಟು ಕಟ್ಟಿಟ್ಟು, ಅವುಗಳ ಬೆನ್ನ ಮೇಲೆ ಹಾಲಿನ ಲೆಕ್ಕ, ಕೂಲಿಯ ಲೆಕ್ಕ ಬರೆಯುವುದು ಅವರ ಪದ್ಧತಿ. 2024ರ ಮೇ ತಿಂಗಳ ನಡುವಿನಲ್ಲಿ ಆ ಕಾಗದಗಳಿಂದ ಹಾಲು, ಕೂಲಿಗಳು ಮಾಯವಾಗಿ ಐ.ಪಿ.ಎಲ್. ಕ್ರಿಕೆಟ್ಟಿನ ಅಂಕಪಟ್ಟಿ ಮೂಡಿತು. ಈ ವಯಸ್ಸಿನಲ್ಲಿ ಇವರಿಗೆ ಇದೇನು ಹುಚ್ಚು ಎಂದು ಊರವರು ಸೋಜಿಗಪಟ್ಟರು. ಮಾಸ್ತರರಿಗೆ ಹಿಡಿದಿದ್ದುದು ಭಯ.

ಅವರ ಹಿರಿಯ ಮಗ ಹೈದರಾಬಾದಿನಲ್ಲಿ ನೌಕರ, ಕಿರಿಯವನು ಬೆಂಗಳೂರಿನಲ್ಲಿ. ಬಾವಿಯ ಹೊಲದ ಪಾಲಿನ ವಿಷಯವಾಗಿ ಇಬ್ಬರೂ ಮಾತು ಬಿಟ್ಟು ಎರಡು ವರ್ಷವಾಗಿತ್ತು. ತಾಯಿ ತೀರಿಕೊಂಡಾಗಲೂ ಒಬ್ಬರ ಮುಖವನ್ನೊಬ್ಬರು ನೋಡದೆಯೇ ಹೆಗಲು ಕೊಟ್ಟಿದ್ದರು. ಆಕೆಯ ವರ್ಷದ ಪುಣ್ಯತಿಥಿ ಮೇ 22ರ ಬುಧವಾರ ಬಿದ್ದಿತ್ತು. ಇಬ್ಬರೂ ಬರುವುದಾಗಿ ಬೇರೆಬೇರೆಯಾಗಿ ತಿಳಿಸಿದ್ದರು. ಅಜ್ಜನ ಮನೆಯಲ್ಲಿದ್ದುಕೊಂಡು ಬೀದರಿನ ಕಾಲೇಜಿಗೆ ಹೋಗುವ ಮಗಳ ಮಗಳು ಒಂದು ಸಂಜೆ ಬಾಂಬು ಹಾಕಿದಳು:

“ಮುತ್ಯಾ, ಆ ದಿನಾನೇ ಎಲಿಮಿನೇಟರ್ ಅದ. ಹೈದರಾಬಾದಿಗೂ ಬೆಂಗಳೂರಿಗೂ ಬಿತ್ತಂದ್ರ ನಮ್ಮ ಮಾಮಂದಿರನ್ನ ಯಾರು ಹಿಡೀಬೇಕು?”

ಬೇರೆ ಜಿಲ್ಲೆಯ ವಾಚಕರಿಗೆ ಇದು ನಗುವ ಮಾತೆನಿಸಬಹುದು. ಬೀದರಿನವರಿಗೆ ಹಾಗಲ್ಲ. 1956ರ ನವೆಂಬರ್ 1ರವರೆಗೆ ಈ ಸೀಮೆ ಹೈದರಾಬಾದ್ ರಾಜ್ಯದಲ್ಲಿತ್ತು. ಇಂದಿಗೂ ದೊಡ್ಡ ಕಾಯಿಲೆಗೆ, ಮದುವೆಯ ಜವಳಿಗೆ, ಕೆಲಸಕ್ಕೆ ಎಷ್ಟೋ ಮಂದಿ ಹೋಗುವುದು ಅತ್ತಲೇ. ಮೂರು ತಾಸು ಬಸ್ಸಿನಲ್ಲಿ ಕುಳಿತರೆ ಹೈದರಾಬಾದು. ಬೆಂಗಳೂರೆಂದರೆ ಒಂದು ಇಡೀ ರಾತ್ರಿಯ ಪ್ರಯಾಣ. ನುಡಿ ಒಂದು ಕಡೆ ಎಳೆದರೆ ನೆರೆ ಇನ್ನೊಂದು ಕಡೆ ಎಳೆಯುತ್ತದೆ. ಚಹಾದ ಅಂಗಡಿಯ ಒಂದೇ ಬೆಂಚಿನ ಮೇಲೆ ಎರಡೂ ಪಕ್ಷದವರು ಕೂಡುತ್ತಾರೆ.

ಆ ವರ್ಷದ ಏಪ್ರಿಲ್‌ನಲ್ಲಿ ಯಾರಾದರೂ ಬೆಂಗಳೂರಿನ ಹೆಸರು ಹೇಳಿದ್ದರೆ ಜನ ನಕ್ಕುಬಿಡುತ್ತಿದ್ದರು. ಮೊದಲ ಎಂಟು ಪಂದ್ಯಗಳಲ್ಲಿ ಏಳನ್ನು ಸೋತ ತಂಡವದು. ಅನಂತರ ಅದೇನಾಯಿತೋ, ಒಂದರ ಮೇಲೊಂದರಂತೆ ಐದು ಗೆದ್ದು, ಮೇ 18ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಚೆನ್ನೈಯನ್ನು ಎದುರಿಸುವ ಹೊತ್ತಿಗೆ ನಾಲ್ಕನೆಯ ಸ್ಥಾನಕ್ಕೆ ಉಮೇದುವಾರನಾಗಿತ್ತು. ಬರಿಯ ಗೆಲುವು ಸಾಲದು; ಇನ್ನೂರರ ಆಸುಪಾಸು ಹೊಡೆದರೆ ಹದಿನೆಂಟು ರನ್ನುಗಳಿಂದಾದರೂ ಗೆಲ್ಲಬೇಕು. ಮಳೆ ಬಂದು ಪಂದ್ಯ ನಿಂತರೆ ಚೆನ್ನೈಗೇ ಸ್ಥಾನ.

ಹದಿನೆಂಟೇ ಏಕೆ ಎಂದು ಮಾಸ್ತರರು ಕೇಳಿದರು. ಮೊಮ್ಮಗಳು ನೆಟ್ ರನ್‌ರೇಟ್ ಎಂಬುದನ್ನು ವಿವರಿಸಿದಳು: ತಂಡವು ಇಡೀ ಋತುವಿನಲ್ಲಿ ಓವರಿಗೆ ಗಳಿಸಿದ ಸರಾಸರಿಯಿಂದ ಬಿಟ್ಟುಕೊಟ್ಟ ಸರಾಸರಿಯನ್ನು ಕಳೆಯಬೇಕು, ಹನ್ನೆರಡು ಓವರಿನಲ್ಲೇ ಎಲ್ಲರೂ ಔಟಾದರೂ ಇಪ್ಪತ್ತರಿಂದಲೇ ಭಾಗಿಸಬೇಕು. ಈ ಕಡೆಯ ನಿಯಮ ಮಾಸ್ತರರಿಗೆ ಬಹಳ ಹಿಡಿಸಿತು. ನಡುವೆ ಕೆಲಸ ಬಿಟ್ಟು ಹೋದವನಿಗೆ ಇಡೀ ದಿನದ ಲೆಕ್ಕ ಹಿಡಿಯುವುದು ನ್ಯಾಯವೇ ಸರಿ. ಅಮೆರಿಕದ ಬೇಸ್‌ಬಾಲಿನಲ್ಲಿ ಒಂದೊಂದು ತಂಡ ಋತುವಿಗೆ 162 ಪಂದ್ಯಗಳನ್ನಾಡುತ್ತದೆ. ಅಲ್ಲಿಯೂ ಸೆಪ್ಟೆಂಬರ್ ಕೊನೆಗೆ ಮನೆಮನೆಯಲ್ಲಿ ಇಂಥದೇ ಗುಣಾಕಾರ ಭಾಗಾಕಾರ. 2011ರಲ್ಲಿ ಕೊನೆಯ ರಾತ್ರಿ ಬಾಸ್ಟನ್ ತಂಡ ಸೋತ ಕೆಲವೇ ನಿಮಿಷಗಳಲ್ಲಿ, ಏಳು ರನ್ ಹಿಂದೆ ಬಿದ್ದಿದ್ದ ಟ್ಯಾಂಪಾ ಬೇ ತಂಡ ಬೇರೊಂದು ಊರಿನ ಆಟದಲ್ಲಿ ಗೆದ್ದು ಅದರ ಜಾಗವನ್ನು ಕಸಿದುಕೊಂಡಿತು. ಅಷ್ಟು ಪಂದ್ಯಗಳ ಲೆಕ್ಕ ಒಂದು ಗಳಿಗೆಗೆ ಬಂದು ನಿಲ್ಲುವುದೆಂದರೆ ಹೀಗೆ.

18ರ ರಾತ್ರಿ ಮಾಸ್ತರರು ಯಾರಿಗೂ ಹೇಳಲಾರದ ಒಂದು ಪಾಪ ಮಾಡಿದರು. ಕನ್ನಡದ ಮನೆಯಲ್ಲಿ ಕುಳಿತು ಮನಸ್ಸಿನಲ್ಲಿಯೇ ಚೆನ್ನೈಯ ಗೆಲುವನ್ನು ಹಾರೈಸಿದರು. ಬೆಂಗಳೂರು ಐದು ವಿಕೆಟ್ಟಿಗೆ 218 ಹೊಡೆಯಿತು. ಚೆನ್ನೈ 201 ಮುಟ್ಟಿದರೆ ಸೋತರೂ ಮುಂದೆ ಹೋಗುತ್ತಿತ್ತು. ಕೊನೆಯ ಓವರಿಗೆ ಬೇಕಾಗಿದ್ದುದು 17 ರನ್. ಯಶ್ ದಯಾಳ್ ಚೆಂಡು ಹಿಡಿದು ನಿಂತ. ಹಿಂದಿನ ವರ್ಷ ರಿಂಕು ಸಿಂಗ್ ಕೊನೆಯ ಓವರಿನಲ್ಲಿ ಸಾಲಾಗಿ ಐದು ಸಿಕ್ಸರ್ ಹೊಡೆದದ್ದು ಈತನಿಗೇ. ಮೊದಲ ಚೆಂಡನ್ನು ಧೋನಿ ಕ್ರೀಡಾಂಗಣದಾಚೆಗೆ ಅಟ್ಟಿದ. ಮೊಮ್ಮಗಳು ಮುಖ ಮುಚ್ಚಿಕೊಂಡಳು. ಅಜ್ಜನಿಗೆ ಜೀವ ಬಂತು. ಎರಡನೆಯ ಚೆಂಡಿಗೆ ಧೋನಿ ಕ್ಯಾಚಿತ್ತ. ಉಳಿದ ನಾಲ್ಕರಲ್ಲಿ ಬಂದದ್ದು ಒಂದೇ ರನ್. ಬೀದಿಯಲ್ಲಿ ಪಟಾಕಿ ಸಿಡಿಯಿತು. ಮಾಸ್ತರರು ನೀರು ಕುಡಿದು ಮಲಗಿದರು.

ಮರುದಿನ ಬೆಳಿಗ್ಗೆ ಲಗ್ನಪತ್ರಿಕೆ ಹೊರಬಂತು. ಮೂರನೆಯವರಿಗೂ ನಾಲ್ಕನೆಯವರಿಗೂ ಎಲಿಮಿನೇಟರ್. ನಾಲ್ಕನೆಯದು ಬೆಂಗಳೂರೆಂದು ನಿಶ್ಚಯವಾಗಿತ್ತು. ಮೂರನೆಯದು ಯಾರು? ರಾಜಸ್ಥಾನಕ್ಕೆ 16 ಅಂಕ, ಹೈದರಾಬಾದಿಗೆ 15. ಇಬ್ಬರಿಗೂ ಅಂದೇ ಕೊನೆಯ ಪಂದ್ಯ. ಇಬ್ಬರೂ ಗೆದ್ದರೆ ಹೈದರಾಬಾದು ಮೂರನೆಯದು. ಇಬ್ಬರೂ ಸೋತರೂ ಅದೇ. ಹೈದರಾಬಾದು ಸೋತು ರಾಜಸ್ಥಾನ ಗೆದ್ದರಂತೂ ಮಾತೇ ಇಲ್ಲ. ಹೈದರಾಬಾದು ಗೆದ್ದು ರಾಜಸ್ಥಾನ ಸೋತರೆ ಮಾತ್ರ ಮನೆ ಉಳಿದೀತು. ನಾಲ್ಕು ದಾರಿಗಳಲ್ಲಿ ಮೂರು ನೇರವಾಗಿ ತಮ್ಮ ಪಡಸಾಲೆಗೇ ಬರುವುದನ್ನು ಕಂಡು ಅವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡು ಸುಮ್ಮನೆ ಕುಳಿತರು.

ಮಧ್ಯಾಹ್ನ ಪಂಜಾಬಿನ 214ನ್ನು ಹೈದರಾಬಾದು ಐದು ಚೆಂಡು ಉಳಿಸಿ ದಾಟಿತು. ಇನ್ನುಳಿದುದು ಗುವಾಹಾಟಿಯಲ್ಲಿ ರಾಜಸ್ಥಾನ ಕೋಲ್ಕತ್ತಕ್ಕೆ ಸೋಲುವುದು. ಆದರೆ ಅಲ್ಲಿ ಮಳೆ. ತಾಸು ತಾಸಿಗೂ ಅಂಪೈರರು ಛತ್ರಿ ಹಿಡಿದು ಬಂದು ನೆಲ ತುಳಿದು ನೋಡಿ ಹೋಗುತ್ತಿದ್ದರು.

“ಮಳಿ ಬಂದ್ರ ಹ್ಯಾಂಗವಾ?” ಎಂದರು ಮಾಸ್ತರರು. ಅವರ ನಾಲ್ಕು ದಾರಿಗಳಲ್ಲಿ ಮಳೆಗೆ ಜಾಗವೇ ಇರಲಿಲ್ಲ.

“ಒಂದೊಂದು ಅಂಕ ಹಂಚ್ತಾರ, ಮುತ್ಯಾ. ಇಬ್ಬರಿಗೂ ಹದಿನೇಳು. ರನ್‌ರೇಟ್‌ನ್ಯಾಗ ಹೈದರಾಬಾದ್ ಮ್ಯಾಲ.”

ರಾತ್ರಿ ಹತ್ತೂವರೆಯ ಸುಮಾರಿಗೆ ಏಳು ಓವರುಗಳ ಆಟಕ್ಕೆ ಟಾಸ್ ಕೂಡ ಆಯಿತು. ಮತ್ತೆ ಮಳೆ ಹಿಡಿಯಿತು. ಒಂದು ಚೆಂಡೂ ಬೀಳದೆ ಪಂದ್ಯ ರದ್ದಾಯಿತು. ಹೈದರಾಬಾದು ಎರಡನೆಯ ಸ್ಥಾನಕ್ಕೇರಿತು, ಬೆಂಗಳೂರಿಗೆ ರಾಜಸ್ಥಾನ ಎದುರಾಯಿತು. ಜನವಾಡದಲ್ಲಿ ಆ ರಾತ್ರಿ ಎಲೆಯೂ ಅಲುಗದ ಸೆಕೆ.

22ರ ಬೆಳಿಗ್ಗೆ ಪೂಜೆ, ಊಟ ಆದವು. ಹಿಂದಿನ ರಾತ್ರಿ ಕೋಲ್ಕತ್ತದ ಕೈಯಲ್ಲಿ ಹೈದರಾಬಾದು ಎಂಟು ವಿಕೆಟ್ಟುಗಳಿಂದ ಸೋತಿದ್ದುದರಿಂದ ಹಿರಿಯನ ಮುಖ ಇಳಿದಿತ್ತು. ಸಂಜೆ ಟಿ.ವಿ.ಯ ಮುಂದೆ ಅಣ್ಣತಮ್ಮಂದಿರು ಪಡಸಾಲೆಯ ಎರಡು ತುದಿಗಳಲ್ಲಿ ಕುಳಿತರು, ನಡುವೆ ಸೊಸೆಯಾದವಳು. ಬೆಂಗಳೂರು ಗೆದ್ದರೆ 24ರಂದು ಚೆನ್ನೈಯಲ್ಲಿ ಹೈದರಾಬಾದನ್ನೇ ಎದುರಿಸಬೇಕಾಗುತ್ತದೆಂಬುದು ಮಾಸ್ತರರಿಗೆ ಹೊಳೆದದ್ದು ಆಗಲೇ. ಆದರೆ ಅಷ್ಟರೊಳಗೆ ಇಬ್ಬರೂ ತಂತಮ್ಮ ಊರು ಸೇರಿರುತ್ತಾರೆಂದು ಆ ಸಾಲನ್ನು ಅವರು ಬರೆಯಲಿಲ್ಲ.

ಬೆಂಗಳೂರಿನ 172ನ್ನು ರಾಜಸ್ಥಾನ ಹತ್ತೊಂಬತ್ತನೆಯ ಓವರಿನಲ್ಲಿ ಸಿಕ್ಸರಿನಿಂದ ದಾಟಿತು. ಕಿರಿಯವನು ಥಟ್ಟನೆ ಎದ್ದ.

“ಕೂಡ್ರೋ,” ಎಂದ ಹಿರಿಯವನು, ಟಿ.ವಿ.ಯಿಂದ ಕಣ್ಣು ತೆಗೆಯದೆ. “ನಮ್ಮೋರೂ ನಿನ್ನಿ ಹಿಂಗೇ ಮಾಡಿದ್ರು.”

ಎರಡು ವರ್ಷದ ಮೇಲೆ ಬಂದ ಮಾತು. ಕಿರಿಯವನು ಉತ್ತರ ಕೊಡಲಿಲ್ಲ, ಆದರೆ ಕುಳಿತ. ಮೊಮ್ಮಗಳು ಚಹಾಕ್ಕಿಡಲು ಒಳಗೆ ಹೋದಳು. ಬಾವಿಯ ಹೊಲದ ಮಾತನ್ನು ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಇಬ್ಬರೂ ಬೀದರಿನವರೆಗೆ ಒಂದೇ ಬಸ್ಸಿನಲ್ಲಿ ಹೋದರು. ಆ ಹೊತ್ತಿಗೆ ಬೇರೆ ಬಸ್ಸಿರಲಿಲ್ಲ.