ಕಡಲಪಾಚಿಯ ಅನ್ನಸತ್ರ

ಗೋಕರ್ಣಕ್ಕೆ ಹೋದವರು ಮಹಾಬಲೇಶ್ವರನ ದರ್ಶನವಾದ ಮೇಲೆ ಓಂ ಕಡಲತೀರಕ್ಕೂ ಹೋಗಿಬರುವುದು ವಾಡಿಕೆ. ನಾವು ಮಾಘಮಾಸದ ಒಂದು ಬೆಳಿಗ್ಗೆ ಅಲ್ಲಿಗೆ ಹೋದಾಗ ಕಡಲು ಇಳಿದಿದ್ದು, ಬಂಡೆಗಳ ಮೇಲೆ ಕಂದುಬಣ್ಣದ ಶೈವಲವು ಒದ್ದೆಯಾದ ಜಟೆಯಂತೆ ಹರಡಿಕೊಂಡಿದ್ದಿತು. ಶಾಸ್ತ್ರಜ್ಞರು ಇದನ್ನು ಸರ್ಗಾಸಮ್ ಎನ್ನುವರು. ಅಮರಕೋಶವು ಶೈವಲಕ್ಕೆ ಜಲನೀಲೀ ಎಂಬ ಹೆಸರನ್ನೂ ಕೊಡುವುದು. ಈ ಕಂದು ಪಾಚಿಗೆ ಅದು ಒಪ್ಪಲಾರದು. ಇದರ ಕವಲೊಂದನ್ನು ಕಡಲನೀರು ತುಂಬಿದ ಬಿಳಿಯ ಬಟ್ಟಲಿನಲ್ಲಿ ಅಲುಗಿಸಿದೆವು. ಸಾಸುವೆಯಿಂದ ಮೊದಲುಗೊಂಡು ಅಕ್ಕಿಕಾಳಿನವರೆಗಿನ ಗಾತ್ರದ ಜೀವಿಗಳು ಹತ್ತಾರು ಉದುರಿ, ಅಡ್ಡಡ್ಡಲಾಗಿ ಓಡತೊಡಗಿದುವು. ಇವು ಸೀಗಡಿಯ ದೂರದ ದಾಯಾದಿಗಳು, ಆಂಫಿಪೋಡುಗಳೆಂದು ಹೆಸರು.

ಪಾಚಿಯಲ್ಲಿರುವುವು ಪಾಚಿಯನ್ನೇ ತಿನ್ನುವುವೆಂದು ತೋರುವುದು ಸಹಜ. ಆದರೆ ಇವುಗಳಲ್ಲಿ ಅನೇಕವು ತಮ್ಮ ಮನೆಯ ಗೋಡೆಯನ್ನು ಬಿಟ್ಟು, ಅದರ ಮೇಲೆ ಹತ್ತಿಕೊಂಡ ಕೂದಲೆಳೆಯಂಥ ಕಿರುಪಾಚಿಯನ್ನೂ ಕೊಳೆತ ಕಣಗಳನ್ನೂ ಕೆರೆದು ತಿನ್ನುವುವು. ಇದರಿಂದ ದೊಡ್ಡ ಪಾಚಿಗೆ ಬಿಸಿಲು ದೊರೆಯುವುದು. ಗೃಹಿಣಿಯರಿಗೆ ಇಂಥ ಒಕ್ಕಲು ಸಿಕ್ಕಿದರೆ ಬಾಡಿಗೆಯನ್ನೇ ಕೇಳರು!

ಕಡ್ಡಿಯಂತೆ ಸಪೂರವಾದ ಕ್ಯಾಪ್ರೆಲ್ಲ ಎಂಬ ಜಾತಿಯೂ ಇವುಗಳ ಬಳಗವೇ. ಹಿಂಗಾಲುಗಳಿಂದ ಕವಲನ್ನು ಹಿಡಿದು, ಮೈಯನ್ನು ನೆಟ್ಟಗೆ ನಿಲ್ಲಿಸಿ, ಕೈಮುಗಿದ ಭಕ್ತನಂತೆ ಅದು ತೂಗಾಡುವುದು. ಭಕ್ತಿ ಹೊಟ್ಟೆಯ ಮೇಲೆಯೇ ಸರಿ. 2009ರಲ್ಲಿ ಪ್ರಕಟವಾದ ಒಂದು ಸಂಶೋಧನೆಯಲ್ಲಿ 62 ಜಾತಿಗಳ ಹೊಟ್ಟೆಯನ್ನು ಪರೀಕ್ಷಿಸಲಾಗಿ, ಅಲ್ಲಿ ಹೆಚ್ಚಾಗಿ ಕಂಡುದು ಕೊಳೆತ ಕಸವೇ.

ಮನೆಯನ್ನೇ ತಿನ್ನುವ ಜಾತಿಗಳೂ ಉಂಟು. ಮೀನುಗಳಿರುವಲ್ಲಿ ಅವುಗಳ ಸಂಖ್ಯೆ ಹತೋಟಿಯಲ್ಲಿರುವುದು. ಮೀನುಗಳನ್ನು ದೂರವಿಟ್ಟು ಮಾಡಿದ ಪ್ರಯೋಗಗಳಲ್ಲಿ ಅವು ಪಾಚಿಯನ್ನು ಬೋಳುಗೈದುದುಂಟು. ಆದುದರಿಂದ ಅವುಗಳಿಗೆ ಊಟದ ಚಿಂತೆಗಿಂತ ತಾವೇ ಊಟವಾಗುವ ಚಿಂತೆ ಹೆಚ್ಚು. ಕೆರಿಬಿಯನ್ ಸಮುದ್ರದ ಒಂದು ಜಾತಿಯು ಇದಕ್ಕೆ ವಿಲಕ್ಷಣವಾದ ಉಪಾಯವನ್ನು ಕಂಡುಕೊಂಡಿರುವುದು. ಡಿಕ್ಟಿಯೋಟ ಎಂಬ ಕಂದು ಪಾಚಿಯಲ್ಲಿ ಮೀನುಗಳಿಗೆ ಸೇರದ ರಸಾಯನಗಳಿರುವುವು. ಈ ಜೀವಿಯು ಅದನ್ನೇ ತಿನ್ನುವುದು. ಅದರಿಂದಲೇ ಎರಡು ತುಂಡು ಕತ್ತರಿಸಿ, ತನ್ನ ಮೈಯಿಂದ ಒಸರುವ ನೂಲಿನಿಂದ ಅಂಚುಗಳನ್ನು ಕೂಡಿಸಿ, ಚಿಪ್ಪಿನಂತೆ ಹೊದ್ದು ಸಂಚರಿಸುವುದು. ಅಶನವೂ ವಸನವೂ ಒಂದೇ ಗಿಡದಿಂದ! 1990ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಈ ಹೊದಿಕೆಯೊಳಗಿದ್ದವುಗಳನ್ನು ಮೀನುಗಳು ತಿನ್ನಲೊಲ್ಲದೆ ಬಿಟ್ಟುವು. ಹೊದಿಕೆಯನ್ನು ತೆಗೆದು ಕೊಟ್ಟಾಗ ನುಂಗಿದುವು. ಉಲ್ವ ಎಂಬ ರುಚಿಕರವಾದ ಹಸುರು ಪಾಚಿಯಿಂದ ಮನೆ ಕಟ್ಟಿಕೊಳ್ಳುವಂತೆ ಮಾಡಿದವುಗಳನ್ನಂತೂ ಮೀನುಗಳು ಬೇಗನೆ ತಿಂದು ಮುಗಿಸಿದುವು.