ಗುರುಗುಂಟಾದ ಹಕ್ಕರಿಕೆ, ಆಮೆಯ ತಟ್ಟೆ

ಎಳ್ಳಮಾವಾಸ್ಯೆಯ ದಿನ ಗುರುಗುಂಟಾದ ಕಡೆ ಹೋದವರಿಗೆ ಊರೊಳಗೆ ಜನ ಸಿಗುವುದು ಕಡಿಮೆ. ಚರಗ ಚೆಲ್ಲಲು ಎಲ್ಲರೂ ಹೊಲ ಸೇರಿರುತ್ತಾರೆ. ಬನ್ನಿ ಮರದ ಬುಡದಲ್ಲಿ ಬುತ್ತಿ ಬಿಚ್ಚಿದರೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಜೋಳದ ಕಟಕ ರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ, ಶೇಂಗಾ ಚಟ್ನಿ. ಎಲ್ಲ ಬಡಿಸಿದ ಮೇಲೂ ಏನೋ ಕೊರತೆ ಎನ್ನುವಂತೆ ಮನೆಯ ಹಿರಿಯ ಹೆಂಗಸು ಎದ್ದು, ಜೋಳದ ಸಾಲಿನ ನಡುವೆ ಬಗ್ಗಿ ಒಂದು ಹಿಡಿ ಹಕ್ಕರಿಕೆ ಕಿತ್ತು ತರುತ್ತಾಳೆ. ನೀರಿನಲ್ಲಿ ಜಾಡಿಸಿದರೆ ಮುಗಿಯಿತು, ಒಲೆಯ ಕೆಲಸವಿಲ್ಲ. ಹಸಿಯಾಗಿಯೇ ರೊಟ್ಟಿಯ ಜೊತೆ ಕರಂ ಕರಂ ಅಗಿಯಬೇಕು. ಅದನ್ನು ಬಿತ್ತಿದವರಿಲ್ಲ, ಗೊಬ್ಬರ ಹಾಕಿದವರಿಲ್ಲ. ಹಿಂಗಾರಿನ ತೇವಕ್ಕೆ ತಾನಾಗಿ ಹುಟ್ಟಿ, ಬಿಸಿಲು ಏರಿದಂತೆ ಒಣಗಿ ಹೋಗುವ ಕಳೆ ಅದು.

ಲಿಂಗಸುಗೂರು ತಾಲ್ಲೂಕಿನ ಈ ಹೋಬಳಿ ಊರು ಕೃಷ್ಣೆ-ತುಂಗಭದ್ರೆಯರ ನಡುವಿನ ಎಡೆದೊರೆ ನಾಡಿನಲ್ಲಿದೆ. ನಿಜಾಮರ ಕಾಲದಲ್ಲಿ ಇದೊಂದು ಪುಟ್ಟ ಸಂಸ್ಥಾನ. ಇಂದು ಹೊರಗಿನವರಿಗೆ ಅಮರೇಶ್ವರನ ಜಾತ್ರೆಯಿಂದ ಪರಿಚಿತ. ಹಟ್ಟಿಯ ಚಿನ್ನದ ಗಣಿ ಹತ್ತಿರ. 1915ರಲ್ಲಿ ಅಶೋಕನ ಶಾಸನ ಸಿಕ್ಕ ಮಸ್ಕಿಯೂ ದೂರವಲ್ಲ. ಚಿನ್ನ, ಶಾಸನಗಳ ಮಾತು ಬಂದಾಗ ಈ ಭಾಗದ ಸೊಪ್ಪನ್ನು ಯಾರೂ ನೆನೆಯುವುದಿಲ್ಲ. ಬೆಂಗಳೂರಿನಲ್ಲಿ ಇಗ್ವಾನಾ ಸಾಕಿದವರು ಮಾತ್ರ ನೆನೆಯಬೇಕು!

ಇಗ್ವಾನಾ ಎಂದರೆ ದಕ್ಷಿಣ ಮತ್ತು ಮಧ್ಯ ಅಮೆರಿಕದ ಹಸಿರು ಹಲ್ಲಿ. ಅಂಗೈಯಗಲದ ಮರಿಯನ್ನು ನೋಡಿ ಮಕ್ಕಳು ಮರುಳಾಗುತ್ತಾರೆ. ಕೆಲವೇ ವರ್ಷಗಳಲ್ಲಿ ಅದು ಬಾಲ ಸೇರಿ ಐದಡಿ ಬೆಳೆಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಹತ್ತರಿಂದ ಇಪ್ಪತ್ತು ವರ್ಷ ಬದುಕುತ್ತದೆ. ನಮ್ಮ ಮನೆಯ ಹಲ್ಲಿ, ಹೊಲದ ಓತಿಕೇತ, ಉಡ, ಎಲ್ಲವೂ ಹುಳವನ್ನೋ ಮಾಂಸವನ್ನೋ ಬೇಡುವ ಪ್ರಾಣಿಗಳು. ಇಗ್ವಾನಾ ಮಾತ್ರ ಅಪ್ಪಟ ಸೊಪ್ಪಿನ ಪ್ರಾಣಿ. ಅಮೆರಿಕದಲ್ಲಿ 1990ರ ದಶಕದಲ್ಲಿ ಇದನ್ನು ಸಾಕುವ ಗೀಳು ಹಬ್ಬಿದಾಗ ಎಷ್ಟೋ ಮನೆಗಳಲ್ಲಿ ನಾಯಿಯ ತಿಂಡಿ, ಬೆಂದ ಮೊಟ್ಟೆ ತಿನ್ನಿಸಿದರು. ಅದರ ಮೂತ್ರಪಿಂಡ ಅಷ್ಟು ಪ್ರೋಟೀನನ್ನು ತಾಳುವುದಿಲ್ಲ. ಎಷ್ಟೋ ಪ್ರಾಣಿಗಳು ಸತ್ತ ಮೇಲೆ ಸಾಕುವವರು ಸೊಪ್ಪಿನ ಪಾಠ ಕಲಿತರು.

ಆ ಪಾಠದಲ್ಲಿ ಮೊದಲ ಸಾಲು ಸುಣ್ಣದ್ದು, ಎಂದರೆ ಕ್ಯಾಲ್ಸಿಯಂನದ್ದು. ತಿನ್ನುವ ಆಹಾರದಲ್ಲಿ ರಂಜಕಕ್ಕಿಂತ ಕ್ಯಾಲ್ಸಿಯಂ ಹೆಚ್ಚಿರಬೇಕು, ಸುಮಾರು ಎರಡು ಪಾಲಿಗೆ ಒಂದು ಪಾಲಿನಂತೆ. ಇಲ್ಲವಾದರೆ ದೇಹ ತನ್ನ ಎಲುಬಿನಿಂದಲೇ ಸಾಲ ತೆಗೆಯುತ್ತದೆ. ದವಡೆ ರಬ್ಬರಿನಂತೆ ಮೆತ್ತಗಾಗುತ್ತದೆ, ಕಾಲು ಊದುತ್ತದೆ, ಕೊನೆಗೆ ಪ್ರಾಣಿ ತೆವಳುತ್ತದೆ. ಪೇಟೆಯ ತಾಯಂದಿರಿಗೆ ಸೊಪ್ಪೆಂದರೆ ಮೊದಲು ನೆನಪಾಗುವುದು ಪಾಲಕ್. ಅದರಲ್ಲಿ ಕ್ಯಾಲ್ಸಿಯಂ ಇದೆ, ನಿಜ. ಆದರೆ ಜೊತೆಗಿರುವ ಆಕ್ಸಾಲಿಕ್ ಆಮ್ಲ ಅದನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕಗೊಡುವುದಿಲ್ಲ. ರಾಜಗಿರಿಯದೂ ಅದೇ ಕಥೆ. ಹುಳಿಹುಳಿಯಾದ ಪುಂಡಿಪಲ್ಯದ್ದೂ ಅಷ್ಟೇ. ಮನುಷ್ಯರಿಗೆ ರೊಟ್ಟಿಯ ಜೊತೆ ಸ್ವರ್ಗವಾದದ್ದು ಇಗ್ವಾನಾಕ್ಕೆ ದಿನನಿತ್ಯದ ಊಟವಾಗಲಾರದು, ಅಪರೂಪಕ್ಕೆ ಒಂದೆಲೆ ಸಾಕು. ಎಲೆಕೋಸಿನ ಜಾತಿಯವನ್ನೂ ಹದದಲ್ಲಿಡಬೇಕು. ಅತಿಯಾದರೆ ಥೈರಾಯ್ಡ್ ಗ್ರಂಥಿಗೆ ತೊಂದರೆ.

ಹಾಗಾದರೆ ಏನು ಕೊಡಬೇಕು? ಪರದೇಶದ ಪುಸ್ತಕಗಳು ದಂಡೇಲಿಯನ್, ಎಂಡೈವ್, ಚಿಕೋರಿ ಎಂದು ಪಟ್ಟಿ ಕೊಡುತ್ತವೆ. ಹೆಸರು ಕೇಳಿಯೇ ನಮ್ಮ ಹುಡುಗರು ಕಂಗೆಡುತ್ತಾರೆ. ಇವೆಲ್ಲ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ, ಕಿತ್ತರೆ ಬಿಳಿ ಹಾಲು ಒಸರುವ, ತುಸು ಕಹಿ ಎಲೆಗಳು. ಗುರುಗುಂಟಾದ ಅಜ್ಜಿ ಜೋಳದ ಸಾಲಿನಿಂದ ಕಿತ್ತು ತಂದ ಹಕ್ಕರಿಕೆ ಇವುಗಳ ಹತ್ತಿರದ ನೆಂಟ. ಕುಸುಬಿಯ ಎಳೆ ಸೊಪ್ಪೂ ಅದೇ ದೊಡ್ಡ ಕುಟುಂಬದ್ದು. ಹಿತ್ತಲಿನ ನುಗ್ಗೆಯಂತೂ ದೇವರು ಕೊಟ್ಟ ವರ, ನೂರು ಗ್ರಾಂ ಎಲೆಯಲ್ಲಿ 300 ಮಿಲಿಗ್ರಾಂಗೂ ಮಿಕ್ಕಿ ಕ್ಯಾಲ್ಸಿಯಂ. ದಾಸವಾಳದ ಎಲೆ ಮತ್ತು ಹೂ, ಹಿಪ್ಪುನೇರಳೆಯ ಎಲೆ, ಮೆಂತ್ಯ ಎಲ್ಲ ಸಲ್ಲುತ್ತವೆ. ಬೇಲಿಯ ಪಾಪಾಸುಕಳ್ಳಿಯ ಹಾಳೆಯನ್ನು ಮುಳ್ಳು ಸುಟ್ಟು, ಸಿಪ್ಪೆ ಹೆರೆದು ಕೊಟ್ಟರೆ ಚಪ್ಪರಿಸುತ್ತದೆ. ಇಗ್ವಾನಾದಂತೆಯೇ ಈ ಕಳ್ಳಿಯೂ ಅಮೆರಿಕ ಖಂಡದಿಂದ ಬಂದ ಅತಿಥಿ, ಹಳೆಯ ಪರಿಚಯವಿರಬೇಕು! ಆದರೆ ಅದೇ ಬೇಲಿಯ ಎಕ್ಕೆ, ಕಣಗಿಲೆ, ಲಂಟಾನಾ, ಉಮ್ಮತ್ತಿ ಇವೆಲ್ಲ ವಿಷ. ಗೊತ್ತಿಲ್ಲದ ಎಲೆ ಕಿತ್ತು ತಂದ ಮಗುವಿನ ಕೈಯಿಂದ ಅದನ್ನು ಕಸಿದುಕೊಂಡರೂ ತಪ್ಪಿಲ್ಲ.

ಅಂಗಡಿಯಲ್ಲೇ ಸಿಗುವ ಸೊಪ್ಪನ್ನು ಮನೆಯಲ್ಲಿ ಬೆಳೆಯುವುದೇಕೆ ಎಂದು ತಂದೆತಾಯಿಗಳು ಕೇಳಬಹುದು. ಕಾರಣ ಔಷಧಿ. ಸಿಂಧನೂರಿನ ಕಾಲುವೆ ಬಯಲಿನ ಭತ್ತವಿರಲಿ, ಲಿಂಗಸುಗೂರಿನ ಹತ್ತಿಯಿರಲಿ, ಸಿಂಪರಣೆಯಿಲ್ಲದ ಬೆಳೆ ಈಗ ಅಪರೂಪ. ಮಾರುಕಟ್ಟೆಯ ಕಟ್ಟು ಯಾವ ಹೊಲದಿಂದ ಬಂತೆಂದು ಮಾರುವವಳಿಗೂ ತಿಳಿದಿರುವುದಿಲ್ಲ. ಕಾಲು ಕಿಲೋ ತೂಗುವ ಪ್ರಾಣಿ ದಿನವೂ ಅದನ್ನೇ ತಿಂದರೆ ವಿಷ ಅದರ ಮೈಗೆ ನಮಗಿಂತ ಬೇಗ ತಟ್ಟುತ್ತದೆ. ಆದ್ದರಿಂದ ನಾಲ್ಕು ತಟ್ಟೆಗಳ ಲೆಕ್ಕ. ಒಡೆದ ಪ್ಲಾಸ್ಟಿಕ್ ಬುಟ್ಟಿಯಾದರೂ ನಡೆಯುತ್ತದೆ, ತಳದಲ್ಲಿ ತೂತಿರಬೇಕು. ಮಣ್ಣಿಗೆ ಅರೆಪಾಲು ಹಳೆಯ ಕುರಿಗೊಬ್ಬರ. ವಾರಕ್ಕೊಂದು ತಟ್ಟೆಯಂತೆ ಮೆಂತ್ಯ ಬಿತ್ತುತ್ತ ಹೋದರೆ ನಾಲ್ಕನೆಯದು ಮೊಳೆಯುವ ಹೊತ್ತಿಗೆ ಮೊದಲನೆಯದು ಕೊಯ್ಲಿಗೆ ಬರುತ್ತದೆ. ಅಕ್ಕಿ, ಬೇಳೆ ತೊಳೆದ ನೀರೇ ಸಾಕು. ಹೇನು ಕಂಡರೆ ತೆಳುವಾಗಿ ಒಲೆಯ ಬೂದಿ ಉದುರಿಸಿ, ಕೊಯ್ದ ಮೇಲೆ ಚೆನ್ನಾಗಿ ತೊಳೆಯಬೇಕು. ಏಪ್ರಿಲ್-ಮೇನಲ್ಲಿ ರಾಯಚೂರು ಸೀಮೆಯ ಬಿಸಿಲು ನಲವತ್ತು ಡಿಗ್ರಿ ದಾಟುತ್ತದೆ. ಆಗ ಮೆಂತ್ಯ ಸುಟ್ಟುಹೋಗುತ್ತದೆ, ನುಗ್ಗೆ ಕೈಬಿಡುವುದಿಲ್ಲ.

ಸೊಪ್ಪು ಸುಲಭದ ಭಾಗ. ಕಷ್ಟದ್ದು ಬಿಸಿಲು. ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ಇಗ್ವಾನಾಕ್ಕೆ ಬಿಸಿಲಿನ ನೇರಳಾತೀತ ಕಿರಣ ಬೇಕು. ಕಿಟಕಿಯ ಗಾಜು ಆ ಕಿರಣವನ್ನು ತಡೆದು ಬಿಸಿಯನ್ನು ಮಾತ್ರ ಒಳಗೆ ಬಿಡುತ್ತದೆ. ಗಾಜಿನ ಪೆಟ್ಟಿಗೆಯನ್ನೇ ಬಿಸಿಲಿಗಿಟ್ಟರೆ ಅರ್ಧ ಗಂಟೆಯೊಳಗೆ ಅದು ಒಲೆಯಾಗಬಹುದು. ಮನೆಯೊಳಗೆ ಸಾಕುವವರು ಅದಕ್ಕೆಂದೇ ತಯಾರಾದ ದೀಪ ತಂದು, ಕೆಟ್ಟಂತೆ ಕಾಣದಿದ್ದರೂ ಕಾಲಕಾಲಕ್ಕೆ ಬದಲಾಯಿಸಬೇಕು. ಖರ್ಚಿನ ಬಾಬ್ತು ಇದು.

ಕಾಗದಪತ್ರದ ಬಾಬ್ತು ಬೇರೆ. ವಿದೇಶಿ ಪ್ರಾಣಿ ಇಟ್ಟುಕೊಂಡವರು ಸ್ವಯಂಪ್ರೇರಣೆಯಿಂದ ತಿಳಿಸಲಿ ಎಂದು ಕೇಂದ್ರ ಸರ್ಕಾರ 2020ರಲ್ಲಿ ಅವಕಾಶ ಕೊಟ್ಟಿತು. 2024ರ ಫೆಬ್ರುವರಿಯಲ್ಲಿ ನಿಯಮವೇ ಬಂತು. ಇಗ್ವಾನಾದಂಥ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಗಳನ್ನು ಪರಿವೇಶ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಬೇಕು. ಮಾರಿದವನು ರಸೀದಿ ಕೊಡದಿದ್ದರೆ ಅಲ್ಲೇ ಅನುಮಾನ ಬರಬೇಕು.

ಇಷ್ಟು ಕೇಳಿದ ಹುಡುಗ ಕೇಳಬಹುದು: ಪರದೇಶದ ಹಲ್ಲಿ ಬೇಡ, ನಮ್ಮದೇ ನಕ್ಷತ್ರ ಆಮೆ ಸಾಕಿದರೆ? ಅದೂ ಸೊಪ್ಪು ತಿನ್ನುತ್ತದಲ್ಲ?

ತಿನ್ನುತ್ತದೆ. ಹುಲ್ಲು, ಉದುರಿದ ಹಣ್ಣು, ಹೂ, ಕಳ್ಳಿ ಎಲ್ಲ ಅದರ ಊಟ. ಕಪ್ಪು ಚಿಪ್ಪಿನ ಮೇಲೆ ಹಳದಿ ನಕ್ಷತ್ರ ಹೊತ್ತ ಈ ಆಮೆಗೆ ಕುರುಚಲು ಗಿಡಗಳ ಒಣಭೂಮಿಯೇ ಪ್ರಿಯ. ಮಳೆ ಬಿದ್ದಾಗ ಹೊರಬರುತ್ತದೆ, ಹೊಲದ ಬದುವಿನಲ್ಲೂ ಮೇಯುತ್ತದೆ. ಹಾಗೆ ಹೊರಬಂದಾಗಲೇ ಹಿಡಿಯುವವರ ಕಣ್ಣಿಗೆ ಬೀಳುತ್ತದೆ. ಭಾರತದ ಒಂದೇ ವ್ಯಾಪಾರ ಕೇಂದ್ರದ ಮೂಲಕ ವರ್ಷಕ್ಕೆ ಕನಿಷ್ಠ 55,000 ನಕ್ಷತ್ರ ಆಮೆಗಳು ಸಾಗುತ್ತಿವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಮನೆಯಲ್ಲಿಟ್ಟರೆ ಲಕ್ಷ್ಮಿ ಬರುತ್ತಾಳೆ ಎಂಬ ನಂಬಿಕೆ ಬೇರೆ! 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅತ್ಯಂತ ಕಟ್ಟುನಿಟ್ಟಿನ ನಿಷೇಧ ಬಂತು. 2022ರಲ್ಲಿ ತಿದ್ದುಪಡಿಯಾದ ವನ್ಯಜೀವಿ ಕಾಯ್ದೆ ಇದನ್ನು ಹುಲಿ, ಆನೆಗಳ ಸಾಲಿನ ಮೊದಲ ಪಟ್ಟಿಗೆ ಸೇರಿಸಿತು. ಹಿಡಿದು ಇಟ್ಟುಕೊಂಡವರಿಗೆ ಮೂರರಿಂದ ಏಳು ವರ್ಷದವರೆಗೆ ಜೈಲು. ಮಗುವಿನ ಆಸೆಗೆ ತಂದೆ ಆಮೆ ತಂದುಕೊಟ್ಟರೆ ಕಾನೂನು ಹಿಡಿಯುವುದು ತಂದೆಯನ್ನು.

2018ರ ನವೆಂಬರಿನಲ್ಲಿ ಸಿಂಗಪುರದಿಂದ ಬೆಂಗಳೂರಿಗೆ 51 ನಕ್ಷತ್ರ ಆಮೆಗಳು ವಿಮಾನದಲ್ಲಿ ಬಂದವು. ಕಳ್ಳಸಾಗಣೆಯಲ್ಲಿ ಹೋಗಿದ್ದವನ್ನು ಅಲ್ಲಿ ವಶಪಡಿಸಿಕೊಂಡು ಪ್ರಾಣಿದಯಾ ಸಂಸ್ಥೆಗಳು ಹಿಂದಿರುಗಿಸಿದವು. ಇಲ್ಲಿಗೆ ಬಂದ ಕೂಡಲೇ ಕಾಡಿಗೆ ಬಿಡಲು ಆಗಲಿಲ್ಲ. ಪರರ ಮನೆಯ ರೋಗವನ್ನು ಹೊತ್ತು ತಂದಿದ್ದರೆ ಇಲ್ಲಿನ ಆಮೆಗಳಿಗೂ ಅಂಟೀತೆಂಬ ಭಯ. ತಟ್ಟೆಯಲ್ಲಿ ಸೊಪ್ಪು ತಿಂದು ಬೆಳೆದವು ತಾವಾಗಿ ಮೇಯುವುದನ್ನು ಮತ್ತೆ ಕಲಿಯಲೂಬೇಕಿತ್ತು.

ಹೊಲದಲ್ಲಿ ಆಮೆ ಕಂಡ ಮಗುವಿಗೆ ಹಿರಿಯರು ಹೇಳಬೇಕಾದ್ದು ಸಣ್ಣ ಮಾತು. ರಸ್ತೆಯ ಮೇಲಿದ್ದರೆ ಅದು ಹೊರಟಿದ್ದ ದಿಕ್ಕಿನ ಅಂಚಿಗೆ ಎತ್ತಿಟ್ಟು ಬಾ. ಗಾಯವಾಗಿದ್ದರೆ ಅರಣ್ಯ ಇಲಾಖೆಗೆ ತಿಳಿಸು.

ಇಗ್ವಾನಾ ಬೇಕೇಬೇಕೆಂದು ಹಠ ಹಿಡಿದ ಮಗುವಿಗೆ ಒಂದು ಷರತ್ತು ಹಾಕಬಹುದು: ಪ್ರಾಣಿ ಆಮೇಲೆ, ಮೊದಲು ಮೂರು ತಿಂಗಳು ಸೊಪ್ಪು ಬೆಳೆದು ತೋರಿಸು. ದಿನವೂ ಒಂದು ಬೊಗಸೆ, ಪರೀಕ್ಷೆಯ ದಿನವೂ ತಪ್ಪುವಂತಿಲ್ಲ, ಅಮರೇಶ್ವರನ ತೇರಿನ ದಿನವೂ ತಪ್ಪುವಂತಿಲ್ಲ. ಮೂರನೆಯ ವಾರಕ್ಕೆ ತಟ್ಟೆ ಒಣಗಿದರೆ ಇಗ್ವಾನಾದ ಮಾತು ತಾನಾಗಿ ನಿಲ್ಲುತ್ತದೆ. ಒಣಗದಿದ್ದರೆ ಆ ಮೂರು ತಿಂಗಳ ಮೆಂತ್ಯ ಅಮ್ಮನ ತೊಗರಿಬೇಳೆಗೆ ಬೀಳುತ್ತದೆ, ಮಿಕ್ಕ ದಂಟು ಆಡಿಗೆ.